ಇನ್ನೂರ ಹದಿನಾಲ್ಕನೇ ಪುಟ ಮತ್ತು ಹಗ್ಗದಂಗಡಿಯ ಹಾಜಿರಾಬಿ

ಹಾಜಿರಾಬಿಯವರನ್ನು ನಾನು ಮೊದಲು ನೋಡಿದ ದಿನ ಅವರು ನನ್ನನ್ನು ಅಂಗಡಿಯಿಂದ ಓಡಿಸಿದರು. ಎರಡನೇ ಸಲ ಹೋದಾಗಲೂ ಓಡಿಸಿದರು. ಮೂರನೇ ಸಲ ಒಂದು ಮಣೆ ತೋರಿಸಿ, "ಕುಂಡ್ರು, ಆದ್ರ ಬಾಯಿ ಮುಚ್ಚಿ ಕುಂಡ್ರು" ಅಂದರು. ಅವತ್ತಿನಿಂದ ನಾನು ಅವರ ಅಭಿಮಾನಿ. ನಟರಿಗೆ ಅಭಿಮಾನಿ ಸಂಘ ಇರುತ್ತದಲ್ಲ, ಹಾಜಿರಾಬಿಯವರಿಗೂ ಅಂಥದೊಂದು ಇದ್ದರೆ ಅದರ ಅಧ್ಯಕ್ಷೆ, ಕಾರ್ಯದರ್ಶಿ, ಸದಸ್ಯೆ ಎಲ್ಲಾ ನಾನೊಬ್ಬಳೇ. ಯಾಕೆಂದರೆ ಹೋದ ವರ್ಷದಿಂದ ಅವರನ್ನು ಕಂಡರೆ ಆಗದವರೇ ಜಾಸ್ತಿ.

ಕಾರಣ ಒಂದು ಪುಟ. ನೂರೈವತ್ತು ವರ್ಷ ಹಳೆಯ ಒಂದು ಕಾಗದಕ್ಕೆ ಅವರು "ಸರಿ" ಅಂದರು. ಅದರಿಂದ ಬಬಲೇಶ್ವರದ ಆಚೆಯ ಒಂದು ಊರಲ್ಲಿ ಮಾಳು ಎಂಬ ಕುರಿಗಾರನ ಕುರಿಗಳಿಗೆ ಬಾವಿ ಬಂದ್ ಆಯಿತು. ಅದನ್ನು ಮತ್ತೆ ತೆರೆಸಬೇಕಾದರೆ ಹಾಜಿರಾಬಿ ಏನೇನು ಅನ್ನಿಸಿಕೊಂಡರು ಅನ್ನುವುದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ. ಊರಿನ ಹೆಸರು ಮಾತ್ರ ಬರೆಯುವುದಿಲ್ಲ. ಆಗಿರುವ ಜಗಳವೇ ಸಾಕು.

ಹಾಜಿರಾಬಿಯವರಿಗೆ ಈಗ ಐವತ್ತೆಂಟು. ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅವರ ತಮ್ಮ ಅಬ್ದುಲಸಮದ ಅವರ ಹಗ್ಗದಂಗಡಿ ಇದೆ. ಎತ್ತಿನ ಹಗ್ಗ, ಮೂಗುದಾರ, ಗೆಜ್ಜೆ, ತಾಡಪತ್ರಿ ಎಲ್ಲಾ ಸಿಗುತ್ತದೆ. ಆ ಹಗ್ಗದ ಸುರುಳಿಗಳ ನಡುವೆ ಒಂದು ಮೂಲೆಯಲ್ಲಿ ಇವರು ಕೂರುತ್ತಾರೆ. ಗಿರಾಕಿ ಬಂದರೆ ಹಗ್ಗ ಅಳೆದು ಕೊಡುತ್ತಾರೆ, ಇಲ್ಲದಿದ್ದರೆ ಹಳೇ ಕಾಗದ ಓದುತ್ತಾರೆ. ಓದಿದ್ದು ಏಳನೇತ್ತ, ಏಳನೇ ತರಗತಿ ಅಷ್ಟೇ. ಆದರೆ ಮೋಡಿ ಅಕ್ಷರ, ಅಂದರೆ ಹಿಂದಿನ ಕಾರಕೂನರು ಲೇಖನಿ ಎತ್ತದೆ ಸರಸರ ಓಡಿಸಿ ಬರೆಯುತ್ತಿದ್ದರಲ್ಲ, ಆ ಎರೆಹುಳದಂಥ ಅಕ್ಷರ, ಅದನ್ನು ಅವರು ನಾವು ಬಸ್ಸಿನ ಬೋರ್ಡು ಓದಿದಂತೆ ಓದುತ್ತಾರೆ.

ಕಲಿಸಿದ್ದು ಅವರ ಅಪ್ಪ ಬುಡ್ಡೇಸಾಬ. ಕಚೇರಿ ಮುಂದಿನ ಬೇವಿನ ಮರದ ಕೆಳಗೆ ಬಾಂಡ್ ರೈಟರ್ ಆಗಿದ್ದವರು. ಹಳೇ ದಾಖಲೆಗಳ ನಕಲು ಬರೆದುಕೊಡುವುದು ಅವರ ಕೆಲಸ. ನಕಲು ಆದ ಮೇಲೆ ತಾಳೆ ನೋಡಬೇಕು, ಅದಕ್ಕೆ ಇಬ್ಬರು ಬೇಕು. ಅಪ್ಪ ಮೂಲ ಕಾಗದವನ್ನು ಜೋರಾಗಿ ಓದುವುದು, ಮಗಳು ನಕಲಿನ ಮೇಲೆ ಬೆರಳಿಟ್ಟು ಹಿಂದೆ ಹಿಂದೆ ಬರುವುದು. ಒಂದು ಅಕ್ಷರ ತಪ್ಪಿದರೆ ಬೆರಳು ನಿಲ್ಲಬೇಕು. ನಿಲ್ಲದಿದ್ದರೆ ತಲೆಗೊಂದು ಬೀಳುತ್ತಿತ್ತಂತೆ.

ಮುಂದೆ ಟಿಕೋಟಾಕ್ಕೆ ಮದುವೆಯಾಗಿ ಹೋದರು. ಗಂಡ ಲಾರಿ ಡ್ರೈವರ್, ಆರೇ ವರ್ಷಕ್ಕೆ ತೀರಿಕೊಂಡ. ಮಣೂಕದ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುತ್ತ ಮಗಳು ಶಮಾಳನ್ನು ಓದಿಸಿ ಮದುವೆ ಮಾಡಿದರು. ಆಮೇಲೆ ತಮ್ಮನ ಅಂಗಡಿಗೆ ಬಂದರು. ಮೋಡಿ ಓದಲು ಕಲಿತಿದ್ದೆ ಎನ್ನುವುದನ್ನು ಇಪ್ಪತ್ತೈದು ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ ಕೂಡ.

ಆಗ ಬಂತು 'ಕಡತ ಓದು'. ಇದೊಂದು ವೆಬ್‌ಸೈಟು. ಹಳೇ ಕಾಗದಗಳ ಫೋಟೋ ಹಾಕಿರುತ್ತಾರೆ, ಯಾರು ಬೇಕಾದರೂ ಮನೆಯಲ್ಲೇ ಕೂತು ಓದಿ ಈಗಿನ ಕನ್ನಡ ಅಕ್ಷರದಲ್ಲಿ ಟೈಪ್ ಮಾಡಬಹುದು. ಸಂಬಳ ಇಲ್ಲ. ಒಬ್ಬರು ಟೈಪ್ ಮಾಡಿದ್ದನ್ನು ಪರಿಶೀಲಕರು ಎನ್ನುವ ಇನ್ನೊಬ್ಬರು ನೋಡಿ ಒಪ್ಪಿದರೆ ಆ ಪುಟ ಮುಚ್ಚುತ್ತದೆ, ಅಂದರೆ ಮುಗಿಯಿತು, ಪಕ್ಕಾ. ಇಡೀ ಯೋಜನೆಗೆ ಪರಿಶೀಲಕರು ಐದೇ ಜನ. ನಾಲ್ಕು ಜನ ಎಂ.ಎ., ಪಿಎಚ್.ಡಿ. ಐದನೆಯವರು ನಮ್ಮ ಹಗ್ಗದಂಗಡಿ ಹಾಜಿರಾಬಿ. ಈ ಗಲಾಟೆಯ ಹೊತ್ತಿಗೆ ನಾಲ್ಕು ವರ್ಷದಲ್ಲಿ ಸಾವಿರದ ನೂರಾ ನಲವತ್ತು ಪುಟ ಒಪ್ಪಿದ್ದರು. ನಾನು ಬಿ.ಎ. ಮುಗಿಸಿ ಟಿಕೋಟಾದಲ್ಲಿ ಸುಮ್ಮನೆ ಕೂತಿದ್ದವಳು, ಈ ಹೆಸರು ಹುಡುಕಿಕೊಂಡೇ ಬಸ್ ಹತ್ತಿ ಬಂದದ್ದು.

ನನಗೆ ಮೋಡಿ ಕಲಿಸಿದರು, ಬೈದು ಬೈದು ಕಲಿಸಿದರು. ನಾನು ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಅಂತ ಕರೆಯತೊಡಗಿದೆ. ಕಲಿತ ಮೇಲೆ ಅಪ್ಪನ ಪದ್ಧತಿಯಲ್ಲೇ ಕೆಲಸ. ನಾನು ಟೈಪ್ ಮಾಡಿದ್ದನ್ನು ಪ್ರಿಂಟ್ ತೆಗೆದು ಅವರ ಕೈಯಲ್ಲಿ ಕೊಡುವುದು, ಮೊಬೈಲಿನಲ್ಲಿ ಮೂಲದ ಫೋಟೋ ನೋಡುತ್ತ ನಾನು ಜೋರಾಗಿ ಓದುವುದು, ಅವರು ಪ್ರಿಂಟಿನ ಮೇಲೆ ಬೆರಳು ಓಡಿಸುವುದು. ಮೊಬೈಲ್ ಪರದೆ ಈಚೆಗೆ ಅವರ ಕಣ್ಣಿಗೆ ಆಗುತ್ತಿರಲಿಲ್ಲ. "ಕಿವಿ ಸಾಕು ನನಗ" ಅನ್ನುತ್ತಿದ್ದರು.

ಜನವರಿಯಲ್ಲಿ ಹೊಸ ಕಟ್ಟು ಬಂತು. ಅಲ್ಲಿಯವರೆಗೆ ನಮಗೆ ಸಿಕ್ಕಿದ್ದು ಬರೀ ಪತ್ರಗಳು, ಹುಕುಮುಗಳು. ಇದು ಜಬಾನಿಗಳ ಕಟ್ಟು, ಊರವರು ಆಗಿನ ಬ್ರಿಟಿಷ್ ಸಾಹೇಬರ ಮುಂದೆ ಬಂದು ಹೇಳಿದ ಹೇಳಿಕೆಗಳು. ಆ ಕಟ್ಟಿನಲ್ಲಿ ನಮ್ಮ ಪಾಲಿಗೆ ಮೊದಲು ಬಂದದ್ದು ಇನ್ನೂರ ಹದಿನಾಲ್ಕನೇ ಪುಟ. "ಯಲಗೂರಪ್ಪ ಬಿನ್ ಮಾಳಪ್ಪ, ವಯಸ್ಸು ಮೂವತ್ತೈದು. ಊರ ಪಡುವಣ ದಿಕ್ಕಿನ ಬಾವಿ ನಾನು ಮತ್ತು ನನ್ನ ಅಣ್ಣತಮ್ಮಂದಿರು ತೋಡಿದ್ದು. ನೀರು ನಮ್ಮ ಮನೆತನದ್ದು." ಇಷ್ಟೇ ಇತ್ತು. ಬಿನ್ ಅಂದರೆ ಇಂಥವರ ಮಗ ಎಂದು. ಕೆಳಗೆ ಹೆಸರಿನ ಪಕ್ಕ ಎರಡು ಗೆರೆ ಒಂದರ ಮೇಲೊಂದು ಹಾಯ್ದು ತುದಿಯಲ್ಲಿ ಬಾಗಿದ ಹಾಗೆ ಏನೋ ಗೀಚಿತ್ತು. ವೆಬ್‌ಸೈಟಿನ ನಿಯಮದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದೆ: ಬರಹ ಮಾತ್ರ ಟೈಪ್ ಮಾಡಿ, ಚಿತ್ರ, ಗೀಚು, ಶಾಯಿಯ ಕಲೆ ಬಿಡಿ. ನಾನು ಬಿಟ್ಟೆ. ಓದುವಾಗಲೂ ಬಿಟ್ಟೆ. ಹಾಜಿರಾಬಿ ಒಬ್ಬ ಗಿರಾಕಿಗೆ ಹಗ್ಗ ಅಳೆಯುತ್ತಲೇ ಬೆರಳು ಓಡಿಸಿ, "ಹೂಂ, ಮುಚ್ಚು" ಅಂದರು.

ಮಾರ್ಚ್ ಕೊನೆಯಲ್ಲಿ, ಬಿಸಿಲು ನೆತ್ತಿ ಸುಡುವಾಗ, ಒಬ್ಬ ಅಂಗಡಿ ಮುಂದೆ ಬಂದು ನಿಂತ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಮುಖದ ತುಂಬ ಸಿಟ್ಟು.

"ಇಲ್ಲಿ ಕಂಪ್ಯೂಟರ್‌ನ್ಯಾಗ ಹಳೀ ಕಾಗದ ಓದಾಕಿ ಯಾರು?"

"ನಾನ. ಹಗ್ಗ ಬೇಕೇನು?" ಹಾಜಿರಾಬಿ ತಲೆ ಎತ್ತಲಿಲ್ಲ.

"ಹಗ್ಗ ತಗೊಂಡ ಏನ್ ಮಾಡ್ಲಿ? ಕಟ್ಟಾಕ ಕುರಿ ಉಳೀಬೇಕಲ್ಲ."

ಅವನೇ ಮಾಳು. ನೂರಾ ಮೂವತ್ತು ಕುರಿ ಅವನವು. ಅವನ ಅಜ್ಜನ ಕಾಲದಿಂದ ಆ ಪಡುವಣ ಬಾವಿಯ ತೊಟ್ಟಿಯಲ್ಲೇ ನೀರು ಕುಡಿದಿದ್ದವು. ಅದೇ ಊರಿನ ಮಲ್ಲಿನಾಥ ಎನ್ನುವ ದೊಡ್ಡ ಒಕ್ಕಲಿನವನು ಬಾವಿ ತನ್ನದು ಅಂತ ಮೊದಲಿನಿಂದಲೂ ಜಗಳ ತೆಗೆಯುತ್ತಿದ್ದನಂತೆ. ಕೊನೆಗೆ ಊರ ಹಿರಿಯರು ಕೂತು, ಹಳೇ ಕಾಗದ ಏನು ಹೇಳುತ್ತದೋ ಅದಕ್ಕೆ ಇಬ್ಬರೂ ಒಪ್ಪಬೇಕು ಅಂತ ಮಾತು ಮಾಡಿದರು. ಇಬ್ಬರೂ ಒಪ್ಪಿದರು. ಆಗ ಮಲ್ಲಿನಾಥ ನಮ್ಮ ಇನ್ನೂರ ಹದಿನಾಲ್ಕನೇ ಪುಟದ ಪ್ರಿಂಟ್ ತಂದು ಇಟ್ಟ. ಯಲಗೂರಪ್ಪ ಬಿನ್ ಮಾಳಪ್ಪ ಅಂದರೆ ತನ್ನ ಮುತ್ತಜ್ಜನ ಅಪ್ಪ ಅಂತ ಹೇಳಿದ. ಬಾವಿಯ ಮೆಟ್ಟಿಲಿಗೆ ಕಬ್ಬಿಣದ ಗೇಟು ಹಾಕಿ ಕೀಲಿ ಜಡಿದ.

"ಈಗ ನಾಕ ಕಿಲೋಮೀಟರ್ ಹೊಡಕೊಂಡ ಹೋಗ್ತೀನ್ರಿ ನೀರಿಗೆ. ಹನ್ನೊಂದ ಮರಿ ಸತ್ತಾವ. ನಿಮಗೇನು, ಇಲ್ಲಿ ನೆಳ್ಳಾಗ ಕುಂತ ಸೈ ಅಂದ್ರಿ."

"ಕಾಗದದಾಗ ಇದ್ದದ್ದಕ್ಕ ಸೈ ಅಂದೀನಿ," ಹಾಜಿರಾಬಿಯೂ ಬಿಡಲಿಲ್ಲ. "ನಿಮ್ಮ ಹಿರ್ಯಾರ ಹೆಸರು ಇರಲಿಲ್ಲ ಅಂದ್ರ ನಾ ಹುಟ್ಟಿಸಿ ಬರೀಲ್ಯಾ?"

"ನಮ್ಮ ಮನ್ಯಾಗೂ ಯಲಗೂರಪ್ಪ ಅದಾನ್ರಿ. ಅವರಪ್ಪನೂ ಮಾಳಪ್ಪ. ಮೊಮ್ಮಗಗ ಅಜ್ಜನ ಹೆಸರಿಡ್ತೀವಿ, ನನಗೂ ಮಾಳಪ್ಪ ಅಂತನ ಇಟ್ಟಾರ. ನಮ್ಮೂರಾಗ ಕಲ್ಲ ಒಗದ್ರ ಯಲಗೂರಪ್ಪನ ತಲಿಗೆ ಬೀಳತೈತಿ."

ಅಷ್ಟು ಹೇಳಿ ಅವನು ಅಲ್ಲೇ ಕಟ್ಟೆ ಮೇಲೆ ಕುಕ್ಕರಿಸಿದ. ಕಾಗದ ನೋಡದೆ ಹೋಗುವುದಿಲ್ಲ ಅಂತ ಹಟ. ಹಾಜಿರಾಬಿ ನನ್ನ ಕಡೆ ತಿರುಗಿ, "ತಗಿ ಬೇ ಆ ಫೋಟೋ, ಸಾಧ್ಯ ಇದ್ದಷ್ಟು ದೊಡ್ಡದ ಮಾಡು" ಅಂದರು. ಆ ಪುಟದ ಮೂಲದ ಫೋಟೋವನ್ನು ಮೊದಲ ಸಲ ತಾವೇ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಮೇಲಿನಿಂದ ಕೆಳಗಿನವರೆಗೆ. ಕೊನೆಗೆ ಹೆಸರಿನ ಹತ್ತಿರ ನಿಂತರು. ಪಕ್ಕದ ಗೀಚಿನ ಮೇಲೆ ಬೆರಳಿಟ್ಟರು.

"ಇದನ್ನ ಯಾಕ ಓದಲಿಲ್ಲ ನೀ?"

"ಅದು ಗೀಚು ಅಲ್ರಿ ಖಾಲಾ? ಗೀಚು ಬಿಡ್ರಿ ಅಂತ ನಿಯಮ ಐತಿ."

"ಕತ್ತರಿ ಐತಿ ಅದು. ಉಣ್ಣಿ ಕತ್ತರಸೂ ಕತ್ತರಿ."

ಆಮೇಲೆ ಅವರು ಹೇಳಿದ್ದು ಇದು. ಆಗಿನ ಕಾಲದಲ್ಲಿ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ಅಕ್ಷರ ಬಾರದವರು ತಮ್ಮ ಕಸುಬಿನ ನಿಶಾನಿ ಬರೆಯುತ್ತಿದ್ದರು. ಒಕ್ಕಲಿಗನಾದರೆ ನೇಗಿಲು, ವ್ಯಾಪಾರಿಯಾದರೆ ತಕ್ಕಡಿ, ಹೆಂಗಸಾದರೆ ಬಳೆ, ಕುರಿಗಾರನಾದರೆ ಕತ್ತರಿ. ಬುಡ್ಡೇಸಾಬರು ತಾಳೆ ಓದುವಾಗ ಅದನ್ನೂ ಬಿಡದೆ "ನಿಶಾನಿ, ನೇಗಿಲು" ಅಂತ ಬಾಯಲ್ಲಿ ಹೇಳುತ್ತಿದ್ದರಂತೆ. ನನಗೆ ಅದು ಗೊತ್ತಿರಲಿಲ್ಲ. ನಿಶಾನಿ ಇದ್ದ ಕಾಗದ ಅದಕ್ಕೂ ಮೊದಲು ನಮ್ಮ ಕೈಗೆ ಬಂದೇ ಇರಲಿಲ್ಲವಾದ್ದರಿಂದ ಅವರು ಹೇಳಿಯೂ ಇರಲಿಲ್ಲ. ಚಿತ್ರಕ್ಕೆ ದನಿ ಇಲ್ಲ, ನಾನು ಬಾಯಿ ತೆರೆಯದಿದ್ದರೆ ಅದು ಅವರ ಕಿವಿಗೆ ಹೋಗುವುದು ಹೇಗೆ?

ಮಾಳು ಎದ್ದು ನಿಂತ. "ಹಂಗಾರ ಬಾವಿ ನಮ್ದು. ಬರಕೊಡ್ರಿ ಈಗ."

"ಸುಮ್ಮ ಕುಂಡ್ರು. ಒಂದ ತಪ್ಪಿನ ಮ್ಯಾಲ ಇನ್ನೊಂದ ತಪ್ಪ ಮಾಡಂಗಿಲ್ಲ ನಾನು."

"ಮಾಡೂದೆಲ್ಲಾ ಮಾಡಿ ಈಗ ಶಾಣ್ಯಾತನ ಹೇಳಾಕತ್ಯಾರ ನೋಡ," ಅಂತ ಅವನು ನನಗೇ ಹೇಳುವವನ ಹಾಗೆ ಹೇಳಿ, ಉಗುಳಿ, ಹೋದ.

ಮುಂದಿನ ಮೂರು ದಿನ ನಾವು ಆ ಕಟ್ಟಿನ ಮುನ್ನೂರೂ ಪುಟಗಳ ಫೋಟೋ ನೋಡಿದೆವು. ಓದುವುದಲ್ಲ, ನೋಡುವುದು. ಹಾಜಿರಾಬಿ ಕಣ್ಣಿಗೆ ನೀರು ಹಾಕಿಕೊಂಡು ಹಾಕಿಕೊಂಡು ನೋಡಿದರು. ಇನ್ನೂರ ಮೂವತ್ತೊಂದನೇ ಪುಟದಲ್ಲಿ ಸಿಕ್ಕಿತು. ಅದೇ ಊರು, ಅದೇ ವರ್ಷ, ಹೊಲದ ಬದುವಿನ ಜಗಳಕ್ಕೆ ಸಾಕ್ಷಿ ಹೇಳಲು ಬಂದ ಇನ್ನೊಬ್ಬ ಯಲಗೂರಪ್ಪ ಬಿನ್ ಮಾಳಪ್ಪ. ವಯಸ್ಸು ಅರವತ್ತು. ನಿಶಾನಿ, ನೇಗಿಲು. ಒಬ್ಬನಿಗೇ ಒಂದೇ ವರ್ಷದಲ್ಲಿ ಮೂವತ್ತೈದೂ ಅರವತ್ತೂ ಆಗಲು ಬರುವುದಿಲ್ಲ. ಇಬ್ಬರು ಬೇರೆ. ಬಾವಿ ತೋಡಿದವನು ಕುರಿಗಾರ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಚ್ಚಿದ ಪುಟ ತೆರೆಯುವುದು ಸುಲಭವಲ್ಲ. ಮುಚ್ಚಿದ ಪರಿಶೀಲಕರೇ "ನನ್ನಿಂದ ತಪ್ಪಾಯಿತು" ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯಬೇಕು. ಬರೆದ ಕೂಡಲೇ ಪರಿಶೀಲಕರ ಸ್ಥಾನ ಹೋಗುತ್ತದೆ, ಅವರು ಒಪ್ಪಿದ್ದ ಎಲ್ಲ ಪುಟಗಳೂ ಮತ್ತೆ ತೆರೆದುಕೊಳ್ಳುತ್ತವೆ, ಬೇರೆಯವರು ಮೊದಲಿನಿಂದ ನೋಡಬೇಕು. ಸಾವಿರದ ನೂರಾ ನಲವತ್ತು ಪುಟ. ನಾಲ್ಕು ವರ್ಷ.

ಯೋಜನೆ ನೋಡಿಕೊಳ್ಳುವ ಸಮ್ಯಕ್ ವಿಜಯಪುರದವರೇ. ನಾನು ವಿಷಯ ಬರೆದು ತಿಳಿಸಿದ್ದಕ್ಕೆ ಫೋನ್ ಮಾಡಿದರು. ಹಾಜಿರಾಬಿ ಸ್ಪೀಕರ್ ಹಾಕಿಸಿದರು.

"ಮೇಡಮ್, ಒಂದ ಸಣ್ಣ ಚಿತ್ರದ ಸಲುವಾಗಿ ಇಷ್ಟ್ಯಾಕ? ಚಿತ್ರ ಬಿಡ್ರಿ ಅಂತ ನಾವ ಹೇಳೀವಿ. ನಿಯಮ ಪ್ರಕಾರ ನಿಮ್ಮ ತಪ್ಪ ಇಲ್ಲ."

"ಆ ನಿಯಮ ಬರದಾಂವ ಯಾರು?"

"ನಾನ ರೀ."

"ಹಂಗಾರ ನೀ ಕಾಗದ ನೋಡಿಲ್ಲಪ್ಪ. ಬರೀ ಫೋಟೋ ನೋಡೀದಿ."

ಆ ಕಡೆಯ ದನಿ ತಣ್ಣಗಾಯಿತು. "ನೋಡ್ರಿ, ಬರೂ ವಾರ ಕಾರ್ಯಕ್ರಮ ಅದ. ನಿಮಗ ಶಾಲು ಹೊದಸಬೇಕಂತ ಆಮಂತ್ರಣ ಪತ್ರಿಕಾ ಅಚ್ಚ ಹಾಕಿಸೀವಿ. ಮ್ಯಾಲಿನವರಿಗೆ ನಾ ಏನ ಹೇಳ್ಲಿ, ಸಾವಿರ ಪುಟ ವಾಪಸ್ ಬಂದಾವ ಅಂತ ಹೇಳ್ಲಾ? ಬ್ಯಾರೆ ದಾರಿ ಅದ. ಸುವರ್ಣಾ ಬೇಕಂತಲೇ ತಪ್ಪ ಮಾಡ್ಯಾಳ ಅಂತ ಬರ್ಕೊಡ್ರಿ. ಅಕಿ ಖಾತೆ ಬಂದ್ ಮಾಡ್ತೀವಿ, ಪುಟ ತಗೀತೀವಿ, ನಿಮ್ಮ ಸ್ಥಾನಾನೂ ಉಳೀತದ."

ಸುವರ್ಣಾ ಅಂದರೆ ನಾನು. ನಾನು ತಲೆ ಆಡಿಸಿ, "ಆಗಲಿ ಬಿಡ್ರಿ ಖಾಲಾ, ಹಂಗ ಬರೀರಿ" ಅಂದೆ. ನಿಜವಾಗಿಯೂ ಹಾಗೇ ಅನ್ನಿಸಿತ್ತು.

"ನಿನ್ನ ಕೇಳಿದವರ್ಯಾರು?" ಅಂತ ನನ್ನ ಮೇಲೆ ಹರಿಹಾಯ್ದು, ಫೋನಿನ ಕಡೆ ಬಾಗಿದರು. "ಏ ಸಮ್ಯಕ್, ಅಕಿ ಓದಾಕಿ, ನಾ ನೋಡಾಕಿ. ನಾ ನೋಡಲಿಲ್ಲ. ಶಾಲು ನೀನ ಹೊದ್ಕೋ, ಚಳಿ ಬರತೈತಲ್ಲ ನಿನಗ."

ಅಷ್ಟರಲ್ಲಿ ಸುದ್ದಿ ಊರಿಗೆ ಹೋಗಿತ್ತು. ಮರುದಿನವೇ ಮಲ್ಲಿನಾಥ ಇಬ್ಬರನ್ನು ಕರೆದುಕೊಂಡು ಅಂಗಡಿಗೆ ಬಂದ. ಬಿಳಿ ಅಂಗಿ, ಕೈಯಲ್ಲಿ ಗಾಡಿಯ ಚಾವಿ ಗಿರಗಿರ ತಿರುಗಿಸುತ್ತ.

"ಬೂಬಮ್ಮ, ನೀವ ಹೌದಂದ ಪುಟ. ಈಗ ನೀವ ಅಲ್ಲ ಅಂತೀರಿ. ನಾಳಿ ಅದೂ ಅಲ್ಲ ಅಂದ್ರ?"

"ಅಂದ್ರ ಅದನ್ನೂ ಬರೀತೀನಿ."

"ಯಾವನೋ ಕಾರಕೂನ ಶಾಯಿ ಚೆಲ್ಲ್ಯಾನ, ಅದರಾಗ ನಿಮಗ ಕತ್ತರಿ ಕಂಡೈತಿ. ಏಳನೇತ್ತಾ ಓದಿದವರಿಗೆ ಇಷ್ಟ ದೊಡ್ಡ ಕೆಲಸ ಕೊಟ್ರ ಹಿಂಗ ಆಗೂದು."

"ಏಳನೇತ್ತಾ ಓದಿದಾಕಿ ಹೌದ ಅಂದಾಗ ಗೇಟ ಹಾಕಾಕ ಓಡಿದ್ಯಲ್ಲೋ. ಆಗ ಕೇಳಬೇಕಿತ್ತು ನೀ ಎಷ್ಟನೇತ್ತಾ ಅಂತ."

ಹಿಂದಿದ್ದವನೊಬ್ಬ ಮುಂದೆ ಬಂದ. ಮಲ್ಲಿನಾಥ ಅವನನ್ನು ತಡೆದು, ಅಂಗಡಿಯ ಒಳಗಿದ್ದ ಅಬ್ದುಲಸಮದ ಅವರನ್ನು ನೋಡಿ ನಕ್ಕ. "ಸಮದಭಾಯ್, ನಮ್ಮ ಕಡೆ ಹನ್ನೆರಡ ಹಳ್ಳಿ ಮಂದಿ ನಿಮ್ಮಲ್ಲೇ ಹಗ್ಗ ಒಯ್ತಾರ. ಒಯ್ತಿದ್ರು ಅಂತ ಆಗಬಾರದು."

ಅವರು ಹೋದ ಮೇಲೆ ಅಬ್ದುಲಸಮದ ಅಕ್ಕನ ಮೇಲೆ ತಿರುಗಿಬಿದ್ದರು. "ಅವರ ಊರು, ಅವರ ಬಾವಿ, ಅವರ ಕುರಿ. ನಿಂಗ್ಯಾಕ ಬೇಕಿತ್ತ ಇದು? ಬಾಯಿ ಮುಚ್ಚಿದ್ರ ಶಾಲು ಸಿಗತಿತ್ತು. ತೆರದ್ರ ಅಂಗಡಿ ಮುಚ್ಚತೈತಿ."

"ಬಾವಿ ಮುಚ್ಚಿದಾಕಿ ನಾನು, ಸಮದ."

"ಗೇಟ ಹಾಕಿದಾಂವ ಅವ. ನೀ ಅಲ್ಲ."

ಹಾಜಿರಾಬಿ ಮಣೆ ಎಳೆದುಕೊಂಡು ಕೂತರು. ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡು, ಒಂದೊಂದೇ ಅಕ್ಷರ ಒತ್ತಿ, ಕಾಲು ಗಂಟೆ ಬರೆದರು. ಬರೆದದ್ದು ಇಷ್ಟು: "ಪುಟ ೨೧೪. ಹೆಸರಿನ ಪಕ್ಕ ಕತ್ತರಿಯ ನಿಶಾನಿ ಇದೆ. ಹೇಳಿಕೆ ಕೊಟ್ಟವನು ಕುರಿಗಾರ. ಪುಟ ೨೩೧ರ ಯಲಗೂರಪ್ಪ ಬೇರೆ, ಅವನ ನಿಶಾನಿ ನೇಗಿಲು. ನಾನು ಮೂಲ ನೋಡದೆ ಒಪ್ಪಿದ್ದೆ. ತಪ್ಪು ನನ್ನದು. ಹಾಜಿರಾಬಿ."

ಒಂದು ತಾಸಿನಲ್ಲಿ ಅವರ ಹೆಸರಿನ ಮುಂದಿದ್ದ ಪರಿಶೀಲಕರ ಗುರುತು ಹೋಯಿತು. ಸಂಜೆಯೊಳಗೆ ಸಾವಿರದ ನೂರಾ ನಲವತ್ತು ಪುಟಗಳ ಮೇಲೂ ಕೆಂಪು ಪಟ್ಟಿ. ಕೆಳಗೆ ಕಮೆಂಟುಗಳು ಬೀಳತೊಡಗಿದವು. ಹೆಸರಿಲ್ಲದವರೇ ಎಲ್ಲಾ. "ಹಗ್ಗ ಮಾರುವವರಿಗೆ ಇತಿಹಾಸ ಕೊಟ್ಟರೆ ಹೀಗೆ." "ನಾಲ್ಕು ವರ್ಷ ನಮ್ಮೆಲ್ಲರ ಕೆಲಸ ಹಾಳು ಮಾಡಿದಳು." ಒಬ್ಬ ಪಿಎಚ್.ಡಿ. ಪರಿಶೀಲಕರು ತಮ್ಮ ಹೆಸರು ಹಾಕಿಯೇ, "ಮೊದಲೇ ಹೇಳಿದ್ದೆ" ಅಂತ ಬರೆದರು. ಅವರು ಮೊದಲು ಏನೂ ಹೇಳಿರಲಿಲ್ಲ, ನನಗೆ ಗೊತ್ತು. ನಾನು ಒಬ್ಬೊಬ್ಬರಿಗೂ ಉತ್ತರ ಬರೆಯಲು ಕೂತೆ. ಹಾಜಿರಾಬಿ ಮೊಬೈಲ್ ಕಿತ್ತಿಟ್ಟರು. "ಪುಟ ತೆರದೈತಿ. ಬಾವಿ ಇನ್ನಾ ತೆರದಿಲ್ಲ. ನಾಳಿ ಮುಂಜಾನೆ ಎಂಟರ ಬಸ್ಸಿಗೆ ಬಾ."

ಬಬಲೇಶ್ವರದವರೆಗೆ ಬಸ್ಸು, ಅಲ್ಲಿಂದ ಜೀಪು. ಬಾವಿಯ ಹತ್ತಿರದ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು, ಹಾಜಿರಾಬಿ ಮಾಳುವಿಗೆ ಮೊದಲೇ ಹೇಳಿ ಕಳಿಸಿದ್ದರು. ಮಾಳು ಒಂದು ಕಡೆ, ಕುರಿಗಳು ಅವನ ಹಿಂದೆ ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತಿದ್ದವು. ಮಲ್ಲಿನಾಥನ ಕಡೆಯವರು ಇಪ್ಪತ್ತು ಮಂದಿ ಗೇಟಿನ ಮುಂದೆ. ನಮಗೆ ಕೂರಿ ಅಂತ ಯಾರೂ ಹೇಳಲಿಲ್ಲ. ನೀರು ಕೊಡುವುದು ಹಾಗಿರಲಿ.

ಹಾಜಿರಾಬಿ ಎರಡು ಪುಟಗಳ ದೊಡ್ಡ ಪ್ರಿಂಟ್ ತಂದಿದ್ದರು. ಚೀಲದಿಂದ ತೆಗೆಯುವ ಮೊದಲು ಕೇಳಿದರು, "ಇಲ್ಲಿ ಯಲಗೂರಪ್ಪ ಯಾರದಾರ?"

ಮೂರು ಜನ ಒಟ್ಟಿಗೆ "ಯಾಕ?" ಅಂದರು. ಕಟ್ಟೆ ಮೇಲೆ ಕೂತಿದ್ದ ಮಲ್ಲಿನಾಥನ ಸ್ವಂತ ದೊಡ್ಡಪ್ಪ, ಚಹದಂಗಡಿಯವನು, ಮಾಳುವಿನ ಅಣ್ಣನ ಮಗ. ಹಿಂದೆ ಒಬ್ಬಿಬ್ಬರು ನಕ್ಕರು. ಮಲ್ಲಿನಾಥ ನಗಲಿಲ್ಲ.

"ಇದೆಂಥ ಆಟ ಬೂಬಮ್ಮ? ನಿನ್ನೆ ನಿಮ್ಮ ಹುದ್ದೇನ ಹೋಗೈತಿ, ನೋಡೀನಿ ನಾನು. ಕಿತ್ತ ಹಾಕಿದವರ ಮಾತ ನಾವ ಯಾಕ ಕೇಳಬೇಕು?"

"ಕೇಳಬ್ಯಾಡ. ನೋಡು." ಅವರು ಕಾಗದಗಳನ್ನು ಅವನಿಗೆ ಕೊಡದೆ ನೇರ ಅವನ ದೊಡ್ಡಪ್ಪನ ಮಡಿಲಲ್ಲಿ ಇಟ್ಟರು. "ಯಜ್ಜಾ, ನೀವ ನೋಡಿ ಹೇಳ್ರಿ."

ಯಲಗೂರಪ್ಪಜ್ಜನಿಗೆ ಎಂಬತ್ತರ ಮೇಲೆ. "ನನಗ ಅಕ್ಷರ ಬರೂದಿಲ್ಲ ಬೇ," ಅಂದ ಒರಟಾಗಿ.

"ಅಕ್ಷರ ಬಿಡ್ರಿ. ಕೆಳಗ ನೋಡ್ರಿ."

ಅಜ್ಜ ಒಂದು ಕಾಗದ ಎತ್ತಿ ಹಿಡಿದ, ದೂರ ಮಾಡಿದ, ಹತ್ತಿರ ತಂದ. ಅದನ್ನಿಟ್ಟು ಇನ್ನೊಂದು ಎತ್ತಿದ. ಪಕ್ಕದ ಹಿರಿಯರೂ ಬಗ್ಗಿದರು. ಅಲ್ಲಿದ್ದವರಲ್ಲಿ ಅರ್ಧ ಜನಕ್ಕೆ ಓದಲು ಬರುತ್ತಿರಲಿಲ್ಲ, ಇಷ್ಟು ದಿನ ಮಲ್ಲಿನಾಥ ಓದಿ ಹೇಳಿದ್ದೇ ಅವರಿಗೆ ಕಾಗದ. ಈಗ ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು ನೋಡತೊಡಗಿದರು. ಯಾರೋ ಬೆರಳಿನಿಂದ ಆ ಗೆರೆಗಳ ಮೇಲೆ ಗೀರಿದರು. ಯಾರೋ ಮಾಳುವಿನ ಸೊಂಟದಲ್ಲಿ ನೇತಾಡುತ್ತಿದ್ದ ಕತ್ತರಿ ಕಡೆ ನೋಡಿದರು. ಆ ಕತ್ತರಿಗೂ ಅದಕ್ಕೂ ವ್ಯತ್ಯಾಸ ಇರಲಿಲ್ಲ, ಬಿಲ್ಲಿನಂಥ ಹಿಡಿಕೆಯೂ ಹಾಗೇ.

"ಏ, ಶಾಯಿ ಚೆಲ್ಲಿದ್ದು ದೊಡ್ಡಪ್ಪಾ ಅದು," ಮಲ್ಲಿನಾಥ ಅಂದ.

"ನೀ ಸುಮ್ಮಿರು. ಅರವತ್ತ ವರ್ಷ ನೇಗಿಲ ಹಿಡದೀನಿ ನಾನು. ಇದು ನೇಗಿಲು," ಒಂದು ಕಾಗದ ಎತ್ತಿದ ಅಜ್ಜ, "ನಮ್ಮಾಂವ. ಇದು ಅಲ್ಲ." ಇನ್ನೊಂದನ್ನು ಮಾಳುವಿನ ಕಡೆ ಎಸೆದ. ಸಂತೋಷದಿಂದ ಹೇಳಲಿಲ್ಲ, ಬಾಯಲ್ಲಿ ಕಹಿ ಇಟ್ಟುಕೊಂಡವನ ಹಾಗೆ ಹೇಳಿದ. "ಕಾಗದ ಹೇಳಿದಂಗ ಅಂತ ಮಾತ ಕೊಟ್ಟೀವಿ. ಮಲ್ಲ್ಯಾ, ಕೀಲಿ ತಗಿ."

ಮಲ್ಲಿನಾಥ ಜೇಬಿಗೆ ಕೈ ಹಾಕಿ, ಕೀಲಿಕೈಯನ್ನು ಮಣ್ಣಿನಲ್ಲಿ ಬಿಸಾಡಿದ. ಮಾಳು ಹೆಕ್ಕಿಕೊಂಡು ಗೇಟು ತೆರೆದ. ಬೀಗ ತೆಗೆದು ಮಲ್ಲಿನಾಥನ ಕಾಲ ಹತ್ತಿರ ಇಟ್ಟ, ಎರಡು ಕೈಯಿಂದ ಗೇಟನ್ನು ಕೀಲಿನಿಂದ ಮೇಲೆತ್ತಿ ಕಿತ್ತು ಅದನ್ನೂ ಅಲ್ಲೇ ಒರಗಿಸಿದ.

"ನಿಮ್ಮ ಸಾಮಾನು. ಒಯ್ಯಿರಿ."

ಆಮೇಲೆ ಬಾವಿಗೆ ಇಳಿದ. ಕೊಡ ತುಂಬಿ ತುಂಬಿ ತೊಟ್ಟಿಗೆ ಹಾಕಿದ. ಕುರಿಗಳು ಒಂದರ ಮೇಲೊಂದು ಬಿದ್ದು ನುಗ್ಗಿದವು. ಅವನು ಹಾಜಿರಾಬಿಯವರ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ. ನನಗೆ ಸಿಟ್ಟು ಬಂತು. ನಾಲ್ಕು ವರ್ಷದ ಕೆಲಸ ಕಳೆದುಕೊಂಡವರು ಬಿಸಿಲಲ್ಲಿ ನಿಂತಿದ್ದಾರೆ, ಒಂದು ಮಾತು ಬೇಡವೇ? ತಡೆಯಲಾರದೆ, "ಮಾಳಣ್ಣ, ಖಾಲಾಗ ಏನರೆ ಅನ್ನು" ಅಂದೆ.

ಅವನು ಕೊಡ ಇಟ್ಟು ನಿಂತ. "ಹನ್ನೊಂದ ಮರಿ," ಅಂದ. ಮತ್ತೆ ಇಳಿದ.

"ಸುಮ್ಮ ನಿಂದ್ರು ಬೇ. ಖರೇ ಐತಿ ಅವ ಹೇಳೂದು," ಹಾಜಿರಾಬಿ ನನಗೇ ಗದರಿದರು.

ಗೇಟು ಭಾರ ಇತ್ತು. ಮಲ್ಲಿನಾಥನ ಕಡೆಯ ನಾಲ್ವರು ಅದನ್ನು ಟ್ರ್ಯಾಕ್ಟರಿಗೆ ಹೇರಿದರು. ಹತ್ತುವ ಮೊದಲು ಮಲ್ಲಿನಾಥ ನಮ್ಮ ಹತ್ತಿರ ಬಂದ.

"ಆ ಕಟ್ಟಿನ್ಯಾಗ ಇನ್ನಾ ಕಾಗದ ಅದಾವು. ನಮ್ಮ ಹಿರ್ಯಾರದೂ ಒಂದ ಸಿಕ್ಕ ಸಿಗತೈತಿ. ಆವತ್ತ ನೋಡ್ರಿ."

"ಸಿಗಲಿ. ತಗೊಂಡ ಬಾ. ನಿಂದಿದ್ರ ನಿಂದ ಅಂತ ಓದ್ತೀನಿ."

"ನೀವ ಯಾರ ಈಗ ಓದಾಕ?"

"ಓದಾಕ ಬರತೈತಲ್ಲ ನನಗ. ಅದನ್ನ ಯಾರೂ ಕಿತ್ತ ಹಾಕಿಲ್ಲ."

ಬಬಲೇಶ್ವರಕ್ಕೆ ಹೋಗುವ ಜೀಪು ಬಂತು. ಡ್ರೈವರ್ ಮಲ್ಲಿನಾಥನ ಸಂಬಂಧಿಯಂತೆ, ನಮ್ಮನ್ನು ನೋಡಿ ವೇಗ ಹೆಚ್ಚಿಸಿದ. ಧೂಳು ಮುಖಕ್ಕೆ ಬಡಿಯಿತು. ಹಾಜಿರಾಬಿ ಸೆರಗಿನಿಂದ ಬಾಯಿ ಒರೆಸಿಕೊಂಡು, ಚೀಲ ಹೆಗಲಿಗೇರಿಸಿ, ಮುಖ್ಯ ರಸ್ತೆಯ ಕಡೆ ನಡೆಯಲು ಶುರು ಮಾಡಿದರು. ಎರಡು ಕಿಲೋಮೀಟರ್. ನಾನು ಹಿಂದೆ ಹಿಂದೆ. ನನಗೆ ಅಳು ಬರುತ್ತಿತ್ತು, ಅವರಿಗೆ ಬಾಯಾರಿಕೆ ಮಾತ್ರ ಆಗಿತ್ತು. ದಾರಿಯುದ್ದಕ್ಕೂ ಸಮ್ಯಕ್‌ಗೆ ಏನು ಬರೆಯಬೇಕು ಅಂತ ಹೇಳುತ್ತ ಬಂದರು. ಚಿತ್ರ ಬಿಡಿ ಎನ್ನುವ ನಿಯಮ ತೆಗೆಯುವವರೆಗೆ ದಿನಾ ಒಂದು ಪತ್ರ ಹಾಕಬೇಕಂತೆ. ಬೈಗುಳ ಎಷ್ಟಿರಬೇಕು ಅನ್ನುವುದನ್ನು ಮಾತ್ರ ನನಗೇ ಬಿಟ್ಟರು.